ಹೊಳೆ ದಾಟದ ನಾಣ್ಯ

ಆ ಊರಿನಲ್ಲಿ ನಾಣ್ಯವನ್ನು ಮಣ್ಣಿನಿಂದ ಮಾಡುತ್ತಿದ್ದರು. ಎಂದಿನಿಂದ ಎಂದು ಯಾರಾದರೂ ಕೇಳಿದರೆ, ಹೊಳೆ ಎಂದಿನಿಂದ ಹರಿಯುತ್ತಿದೆಯೋ ಅಂದಿನಿಂದ ಎನ್ನುತ್ತಿದ್ದರು. ಹೊಳೆ ಎಂದಿನಿಂದ ಹರಿಯುತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಸುಗ್ಗಿ ಮುಗಿದು ಕಾಳೆಲ್ಲ ಕಣಜ ಸೇರಿದ ಮೇಲೆ ಊರವರು ತಮ್ಮ ಮನೆಯ ಮಣ್ಣಿನ ನಾಣ್ಯದ ಬಿಲ್ಲೆಗಳನ್ನು ಬುಟ್ಟಿಯಲ್ಲಿ, ಮಡಿಲಲ್ಲಿ, ಸೆರಗಿನ ಗಂಟಿನಲ್ಲಿ ತಂದು ಅಚ್ಚಿನ ಮನೆಯ ಮುಂದಿನ ಗುಂಡಿಗೆ ಸುರಿಯುತ್ತಿದ್ದರು. ಗುಂಡಿಗೆ ನೀರು ಬಿಡುತ್ತಿದ್ದರು. ಉಳ್ಳವರದು, ಇಲ್ಲದವರದು, ಜಿಪುಣ ನೆಲದಡಿ ಹೂತಿಟ್ಟದ್ದು, ಮಗು ಮುಷ್ಟಿಯಲ್ಲಿ ಹಿಡಿದು ಬೆವರಿಸಿದ್ದು, ಎಲ್ಲ ಕರಗಿ ಒಂದೇ ಕೆಸರಾಗುತ್ತಿತ್ತು. ಆಗ ಬಿಲ್ಲೆಗೆ ಅಚ್ಚು ಒತ್ತುವ ಅಚ್ಚಿನವ್ವ ಎದ್ದು ಹೋಗಿ ಕಣಜದೊಳಗೆ ಇಣುಕಿ ಬರುತ್ತಿದ್ದಳು. ಕಣಜ ತುಂಬಿದ್ದರೆ ಬರೀ ಜೇಡಿಮಣ್ಣು ತುಳಿಯುತ್ತಿದ್ದಳು. ಬಿಲ್ಲೆ ಅಂಗೈಯಲ್ಲಿ ಭಾರವಾಗಿ ಕೂರುತ್ತಿತ್ತು. ಕಣಜ ಸೊರಗಿದ್ದರೆ ಜೇಡಿಗೆ ಹೊಟ್ಟು ಬೆರೆಸುತ್ತಿದ್ದಳು. ಬಿಲ್ಲೆ ಹಗುರಾಗುತ್ತಿತ್ತು. ಯಾರು ಎಷ್ಟು ಸುರಿದಿದ್ದರೋ ಅಷ್ಟೇ ಬಿಲ್ಲೆ ತಿರುಗಿ ಪಡೆಯುತ್ತಿದ್ದರು. ಆದರೆ ಕಣಜದಲ್ಲಿ ಕಾಳು ಅಳೆಯುತ್ತಿದ್ದುದು ಬಿಲ್ಲೆಯ ತೂಕ ನೋಡಿ. ಭಾರದ ಬಿಲ್ಲೆಗೆ ತುಂಬಿದ ಸೇರು, ಹಗುರ ಬಿಲ್ಲೆಗೆ ಸೇರಿನ ತಳ. ಹೀಗೆ ಕೆಟ್ಟ ವರ್ಷದ ಹಸಿವು ಯಾವುದೋ ಒಂದು ಮನೆಯ ಮೇಲೆ ಬೀಳದೆ ಊರಿಗೆಲ್ಲ ಹಂಚಿಹೋಗುತ್ತಿತ್ತು. ಎಲ್ಲರೂ ಸ್ವಲ್ಪ ಸ್ವಲ್ಪ ಬಡಕಲಾಗುತ್ತಿದ್ದರು. ಯಾರೂ ಸಾಯುತ್ತಿರಲಿಲ್ಲ.

ಹೊಳೆಗೂ ಒಂದು ಕಟ್ಟಳೆಯಿತ್ತು. ಮುಷ್ಟಿಯಲ್ಲಿ ಇಡಿಯಾದ ನಾಣ್ಯವಿಲ್ಲದವರನ್ನು ಅದು ಆಚೆಗೆ ಬಿಡುತ್ತಿರಲಿಲ್ಲ. ಹೊಳೆಯ ನಟ್ಟನಡುವೆ ನೀರು ಬಣ್ಣ ಬದಲಿಸುವ ಒಂದು ಗೆರೆ. ಅಲ್ಲಿಗೆ ಹೋದೊಡನೆ ಈ ದಡದ ಬಿಲ್ಲೆ ಕೈಯಲ್ಲೇ ಕರಗುತ್ತಿತ್ತು. ದೋಣಿ ತಾನಾಗಿ ಒಂದು ಸುತ್ತು ತಿರುಗಿ ಬಂದ ದಾರಿಗೆ ಮುಖ ಮಾಡುತ್ತಿತ್ತು. ಆಚೆಯವರ ಬಿಲ್ಲೆಗೂ ಅದೇ ಗತಿ. ಗೆರೆಯ ಬಳಿ ಆಚೆಯವರ ದೋಣಿಗೆ ಹತ್ತುವ ಮದುವಣಗಿತ್ತಿಗೆ ಮಾತ್ರ ಹೊಳೆ ದಾರಿ ಕೊಡುತ್ತಿತ್ತು, ಬದುಕಿನಲ್ಲಿ ಒಂದು ಸಲ, ಒಂದೇ ದಿಕ್ಕಿಗೆ.

ಅಚ್ಚಿನವ್ವನ ತಂಗಿ ಹಾಗೆ ಹೋದವಳು.

ಇಬ್ಬರೇ ಇದ್ದದ್ದು. ತಾಯಿ ಸಾಯುವಾಗ ಅಚ್ಚನ್ನೂ ಚಿಕ್ಕವಳ ಕೈಯನ್ನೂ ದೊಡ್ಡವಳ ಕೈಯಲ್ಲಿಟ್ಟು ಕಣ್ಣು ಮುಚ್ಚಿದ್ದಳು. ದೊಡ್ಡವಳು ಒಂದನ್ನು ಉಳಿಸಿಕೊಂಡಳು, ಇನ್ನೊಂದನ್ನು ತಾನೇ ಧಾರೆ ಎರೆದು ದೋಣಿ ಹತ್ತಿಸಿದಳು. ಆಚೆ ದಡದ ಹುಡುಗ ಒಳ್ಳೆಯವನಂತೆ, ಮನೆಯ ಹಿಂದೆ ಮಾವಿನ ಮರವಿದೆಯಂತೆ ಎಂದು ಅಂಬಿಗರ ಬಾಯಿಂದ ಬಾಯಿಗೆ ನಡುಹೊಳೆಯ ಗೆರೆ ದಾಟಿ ಬಂದ ಮಾತಷ್ಟೇ ಆಧಾರ. ಆಮೇಲೆ ಅದೂ ಬರಲಿಲ್ಲ. ಮಾತು ತಂದ ಅಂಬಿಗರು ಮುದುಕರಾಗಿ ಸತ್ತರು.

ಉಳಿದದ್ದು ಒಂದು ಸದ್ದು. ಬೆಳಗಿನ ಹೊತ್ತು ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಎರಡು ಪೆಟ್ಟು, ಒಂದು ಬಿಡುವು, ಮತ್ತೊಂದು ಪೆಟ್ಟು. ತಂಗಿ ಹುಡುಗಿಯಾಗಿದ್ದಾಗ ಹಾಗೇ ಒಗೆಯುತ್ತಿದ್ದಳೆಂದು ಅಚ್ಚಿನವ್ವನಿಗೆ ಖಾತ್ರಿಯಾಗಿತ್ತು. ದಿನಾ ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತು ಅದನ್ನು ಕೇಳಿಸಿಕೊಂಡು, ಸದ್ದು ನಿಂತ ಮೇಲೆ ಮನೆಗೆ ಬಂದು ಒಲೆ ಹಚ್ಚುತ್ತಿದ್ದಳು. ಒಂದು ದಿನ ಸದ್ದು ಕೇಳದಿದ್ದರೆ ಆ ದಿನ ಉಣ್ಣುತ್ತಿರಲಿಲ್ಲ. ಒಂದು ಸಲ ಅಂಬಿಗನನ್ನು ಕಾಡಿ ಬೇಡಿ ನಡುಗೆರೆಯವರೆಗೆ ಹೋಗಿದ್ದಳು. ಮುಷ್ಟಿಯೊಳಗಿನ ಬಿಲ್ಲೆ ಮೊದಲು ತಣ್ಣಗಾಯಿತು, ಆಮೇಲೆ ಮೆತ್ತಗಾಯಿತು, ಬೆರಳ ಸಂದಿನಿಂದ ಇಳಿದು ಹೋಯಿತು.

"ನೋಡಿದೆಯಲ್ಲವ್ವಾ, ಇನ್ನು ತಿರುಗೋಣ" ಎಂದಿದ್ದ ಅಂಬಿಗ. ಅವನು ತಿರುಗಿಸಬೇಕಾದದ್ದೇನೂ ಇರಲಿಲ್ಲ. ದೋಣಿ ಆಗಲೇ ತಿರುಗಿತ್ತು.

ಹೊಳೆಯ ಮೇಲಿನ ಊರಿನ ದೂತ ಬಂದದ್ದು ಒಂದು ತಂಪಾದ ಮುಂಜಾವಿನಲ್ಲಿ. ಅವನ ದೋಣಿ ನಡುಗೆರೆಯನ್ನು ತಡವರಿಸದೆ ದಾಟಿ ಬಂತು. ಊರೆಲ್ಲ ಹೊಳೆಗೆ ಓಡಿತು. ಅವನು ಮಾತ್ರ ದಡಕ್ಕೆ ಕಾಲಿಡಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ದೋಣಿ ನಿಲ್ಲಿಸಿ, ಅದರ ಮೇಲೇ ನಿಂತು ಕೈ ಬಿಚ್ಚಿದ. ಅಂಗೈಯಲ್ಲಿ ಒಂದು ತಾಮ್ರದ ನಾಣ್ಯ. ಅದನ್ನು ನೀರಿನಲ್ಲಿ ಅದ್ದಿ ತೆಗೆದ. ಮೊದಲಿಗಿಂತ ಹೊಳೆಯಿತು.

"ಹೊಳೆಗುಂಟ ಇರುವ ಊರುಗಳೆಲ್ಲ ಇದನ್ನು ಒಪ್ಪಿಕೊಂಡಿವೆ. ನಿಮ್ಮದೊಂದೇ ಬಾಕಿ. ಇದು ಎಲ್ಲ ದಡದಲ್ಲೂ ಬದುಕುತ್ತದೆ. ಇದನ್ನು ಹಿಡಿದವರನ್ನು ಹೊಳೆ ತಡೆಯುವುದಿಲ್ಲ" ಎಂದ.

"ಹಾಗಾದರೆ ಇಳಿದು ಬಾರಪ್ಪ, ನೀರು ಮಜ್ಜಿಗೆ ಕುಡಿ" ಎಂದಳು ಕಣಜದಜ್ಜಿ. ಕಣಜದ ಬೀಗ, ಸೇರು, ತಕ್ಕಡಿ ಎಲ್ಲ ಅವಳ ವಶದಲ್ಲಿದ್ದವು.

"ಇಳಿಯುವಂತಿಲ್ಲ ಅಜ್ಜಿ. ಒಂದು ದಡದಲ್ಲಿ ಎರಡು ನಾಣ್ಯ ಉಸಿರಾಡಲಾರವು. ನಿಮ್ಮ ಅಚ್ಚೊತ್ತಿದ ಬಿಲ್ಲೆ ಇರುವವರೆಗೆ ಈ ತಾಮ್ರ ನಿಮ್ಮ ನೆಲ ಮುಟ್ಟಿದರೆ ಹಸಿರು ಪುಡಿಯಾಗಿ ಉದುರುತ್ತದೆ. ಅಚ್ಚನ್ನು ಹಿಡಿದ ಕೈಯೇ ಅಚ್ಚನ್ನು ಒಡೆಯಬೇಕು. ಒಡೆದ ದಿನ ಇಳಿದು ಬರುತ್ತೇನೆ."

ಜನ ಅಚ್ಚಿನವ್ವನ ಕಡೆ ತಿರುಗಿದರು. ಅವಳು ಆ ನಾಣ್ಯವನ್ನೇ ನೋಡುತ್ತಿದ್ದಳು.

ಆ ಸಂಜೆ ಕಟ್ಟೆಯ ಮೇಲೆ ಊರು ಸೇರಿತು. ನೇಕಾರ ಮೊದಲು ಎದ್ದ. "ನನ್ನ ಮಗ್ಗದಲ್ಲಿ ನೆಯ್ದದ್ದನ್ನು ಈ ಊರವರು ಎಷ್ಟು ಅಂತ ಉಡ್ತಾರೆ? ಗೂಟದ ಮೇಲೆ ಸೀರೆ ಹಾಗೇ ಜಿರಲೆ ಪಾಲಾಗ್ತಾ ಇದಾವೆ. ಆಚೆ ದಡದಲ್ಲಿ ಉಡೋರಿಲ್ವಾ? ಅವ್ವಾ, ಒಡೆದುಬಿಡು" ಎಂದ. ಅಂಬಿಗ ಅವನ ಪಕ್ಕ ಹೋಗಿ ನಿಂತ. ಅವನ ಅಪ್ಪನಾಗಲಿ ಅಜ್ಜನಾಗಲಿ ಹೊಳೆಯ ಆಚೆ ದಡವನ್ನು ಕಾಲಿನಿಂದ ಮುಟ್ಟಿರಲಿಲ್ಲ. "ಅರ್ಧ ಹೊಳೆಯ ಅಂಬಿಗ ಅಂತ ಹೆಸರು ಹೊತ್ತು ಸಾಯೋದಾ ನಾನೂ?" ಎಂದ.

ಕಣಜದಜ್ಜಿ ಕೂತಲ್ಲಿಂದಲೇ ಕೇಳಿದಳು, "ಕಣಜ ಸೊರಗಿದ ವರ್ಷ ಆ ತಾಮ್ರಕ್ಕೆ ಹೊಟ್ಟು ಬೆರೆಸೋಕಾಗುತ್ತಾ?"

ಅದನ್ನೇ ದೂತನಿಗೆ ಕೇಳಲು ಮಾರನೆಯ ಬೆಳಗ್ಗೆ ಅವಳೇ ಕೋಲೂರಿಕೊಂಡು ಹೊಳೆಗೆ ಹೋದಳು. ದೂತ ದೋಣಿಯಲ್ಲೇ ಮಲಗಿದ್ದವನು ಎದ್ದು ಕೂತ. ಅವನು ಸುಳ್ಳಾಡುವವನಾಗಿರಲಿಲ್ಲ.

"ಇಲ್ಲ ಅಜ್ಜಿ. ಎರಕ ಹೊಯ್ಯೋದು ಮೇಲಿನ ಊರಿನಲ್ಲಿ. ಅದರ ತೂಕ ಯಾರಿಗಾಗಿಯೂ ಬದಲಾಗುವುದಿಲ್ಲ. ಅದಕ್ಕೇ ಅದನ್ನು ಎಲ್ಲರೂ ನಂಬುತ್ತಾರೆ."

"ನಾಣ್ಯ ತೆಳ್ಳಗಾಗೋದಿಲ್ಲ ಅಂದ್ರೆ, ಕೆಟ್ಟ ವರ್ಷ ತೆಳ್ಳಗಾಗೋದು ಯಾರು ಮಗಾ?"

ದೂತ ನೀರನ್ನು ನೋಡಿದ. "ಕೆಟ್ಟ ವರ್ಷ ಬಾರದಿರಲಿ ಅಂತ ಬೇಡಿಕೊಳ್ಳೋಣ" ಎಂದ.

ಅಚ್ಚಿನವ್ವ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಪ್ರತಿಯೊಂದು ಮಾತೂ ಅವಳಿಗೆ ಅರ್ಥವಾಯಿತು. ಆದರೆ ಅದೇ ಹೊತ್ತಿಗೆ ಆಚೆ ದಡದಿಂದ ಸದ್ದು ಬಂತು. ಎರಡು ಪೆಟ್ಟು, ಒಂದು ಬಿಡುವು, ಮತ್ತೊಂದು. ಅವಳು ಎದ್ದು ಮನೆಗೆ ಹೋದಳು. ಹುಣಸೆ ಮರದ ಅಚ್ಚು, ತಾಯಿಯ ತಾಯಿಯ ಬೆರಳುಗಳಿಂದ ನುಣುಪಾದದ್ದು, ದೇವರ ಗೂಡಿನಲ್ಲಿತ್ತು. ಅದನ್ನು ಒರಳುಕಲ್ಲಿನ ಮೇಲಿಟ್ಟು ಒನಕೆಯಿಂದ ಹೊಡೆದಳು. ಮೊದಲ ಪೆಟ್ಟಿಗೆ ಸೀಳಲಿಲ್ಲ. ಎರಡನೆಯ ಪೆಟ್ಟಿಗೆ ಕಣ್ಣು ಮುಚ್ಚಿಕೊಂಡಳು.

ಊರಿನ ಮನೆಮನೆಯಲ್ಲಿ ಮಡಕೆಯೊಳಗಿನ ಬಿಲ್ಲೆಗಳು ಸದ್ದಿಲ್ಲದೆ ಮಣ್ಣಾದವು.

ದೂತ ದಡಕ್ಕಿಳಿದು ಮಜ್ಜಿಗೆ ಕುಡಿದ. ಮಣ್ಣಾದ ಒಂದೊಂದು ಬಿಲ್ಲೆಗೆ ಒಂದೊಂದು ತಾಮ್ರ ಹಂಚಿದ. ಮೊದಲ ದೋಣಿಯಲ್ಲಿ ಮೊದಲು ಕೂತವಳು ಅಚ್ಚಿನವ್ವ. ನಡುಗೆರೆ ಬಂದಾಗ ಅವಳು ಮುಷ್ಟಿಯನ್ನು ಎಷ್ಟು ಬಿಗಿಹಿಡಿದಳೆಂದರೆ ನಾಣ್ಯದ ಅಂಚು ಅಂಗೈಯಲ್ಲಿ ಮೂಡಿತು. ಕರಗಲಿಲ್ಲ. ದೋಣಿ ತಿರುಗಲಿಲ್ಲ. ಅಂಬಿಗ ಹುಟ್ಟು ಹಾಕುವುದನ್ನೇ ಮರೆತು ಗಟ್ಟಿಯಾಗಿ ಅತ್ತ.

ಆಚೆ ದಡದ ಒಗೆಯುವ ಕಲ್ಲಿನ ಬಳಿ ಒಬ್ಬ ಹೆಂಗಸು ಬಗ್ಗಿ ಒಗೆಯುತ್ತಿದ್ದಳು. ಎರಡು ಪೆಟ್ಟು, ಒಂದು ಬಿಡುವು. ಅಚ್ಚಿನವ್ವ ನೀರಿಗೇ ಹಾರಿ, ಸೀರೆ ತೋಯಿಸಿಕೊಂಡು ಓಡಿ, ಅವಳ ಭುಜ ಹಿಡಿದು ತಿರುಗಿಸಿದಳು. ಬೇರೆ ಯಾರೋ. ನಡುವಯಸ್ಸಿನ, ಗಲ್ಲದ ಮೇಲೆ ಮಚ್ಚೆಯಿದ್ದ, ಗಾಬರಿಯಾದ ಹೆಂಗಸು.

"ಯಾರಮ್ಮ ನೀವು? ಯಾರು ಬೇಕಾಗಿತ್ತು?"

ಮಾವಿನ ಮರವಿರುವ ಮನೆ ಎಂದಳು ಅಚ್ಚಿನವ್ವ. ಆ ಹೆಂಗಸು ಒದ್ದೆ ಕೈಯಿಂದಲೇ ದಾರಿ ತೋರಿಸಿದಳು.

ತಂಗಿ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮೈ ತುಂಬಿಕೊಂಡಿದ್ದಳು. ಕಿವಿಯ ಬಳಿ ನರೆ. ತಲೆಯೆತ್ತಿ ನೋಡಿ, ಬಂದವಳನ್ನು ಗುರುತಿಸದೆ, "ಬನ್ನಿ, ಕೂತ್ಕೊಳ್ಳಿ" ಎಂದಳು. ಆಮೇಲೆ ಮೊರ ಕೈಯಿಂದ ಜಾರಿತು.

ಬಹಳ ಹೊತ್ತಿನ ಮೇಲೆ, ಅತ್ತು ಮೂಗು ಒರೆಸಿಕೊಂಡು, ಮಾತು ಶುರುವಾದಾಗ, ಅಚ್ಚಿನವ್ವ ಬಟ್ಟೆಯ ಸದ್ದಿನ ವಿಷಯ ಹೇಳಿದಳು. ತಂಗಿ ಕಣ್ಣರಳಿಸಿದಳು.

"ಅಕ್ಕಾ, ನಾನು ಹೊಳೆಗೆ ಬಟ್ಟೆ ಒಯ್ದೋಳೇ ಅಲ್ಲ. ಹಿತ್ತಲಲ್ಲಿ ಬಾವಿ ಇದೆ. ಆದ್ರೆ ನಾನು ಸಂಜೆ ಹೊತ್ತು ಮಾಳಿಗೆ ಹತ್ತಿ ನಿನ್ನ ಒಲೆ ಹೊಗೆ ನೋಡ್ತಿದ್ದೆ. ಆ ದೊಡ್ಡ ಬೇವಿನ ಮರದ ಎಡಕ್ಕೆ, ನೀಲಿ ಹೊಗೆ."

"ಅದು ಸುಣ್ಣದ ಗೂಡಿನ ಹೊಗೆ ಕಣೇ" ಎಂದಳು ಅಚ್ಚಿನವ್ವ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕರು. ನಗು ಎಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ಒಬ್ಬಳು ಯಾರದೋ ಬಟ್ಟೆಯ ಸದ್ದಿಗೆ ಕಿವಿ ಕೊಟ್ಟಿದ್ದಳು, ಇನ್ನೊಬ್ಬಳು ಯಾರದೋ ಬೆಂಕಿಯ ಹೊಗೆಗೆ ಕಣ್ಣು ನೆಟ್ಟಿದ್ದಳು. ಅದು ಸುಳ್ಳಾಗಿತ್ತು ಎಂದು ಮಾತ್ರ ಇಬ್ಬರಲ್ಲಿ ಯಾರಿಗೂ ಅನ್ನಿಸಲಿಲ್ಲ.

ಆಮೇಲಿನ ಕಾಲ ಒಳ್ಳೆಯ ಕಾಲ. ಹೊಳೆಯ ಮೇಲೆ ದೋಣಿಗಳು ನೇಯ್ಗೆಯ ಲಾಳಿಯಂತೆ ಆಡಿದವು. ನೇಕಾರನ ಸೀರೆ ಹೆಸರೇ ಕೇಳಿರದ ಊರುಗಳಿಗೆ ಹೋಯಿತು. ಆ ಕಡೆಯ ಬೆಲ್ಲ, ಕಂಚು, ಬಳೆ ಈ ಕಡೆಗೆ ಬಂತು. ಅಕ್ಕ ತಂಗಿಯರು ಹಬ್ಬಕ್ಕೆ, ಹಬ್ಬವಿಲ್ಲದಾಗ ಸುಮ್ಮನೆ, ಹೋಗಿ ಬಂದು ಮಾಡಿದರು. ತಂಗಿಯ ಮಕ್ಕಳು ಅಚ್ಚಿನವ್ವನನ್ನು ದೊಡ್ಡವ್ವಾ ಎಂದು ಕರೆದಾಗಲೆಲ್ಲ ಅವಳು ಹಿಂದೆ ತಿರುಗಿ, ಯಾರನ್ನು ಕರೆದರು ಎಂದು ನೋಡುತ್ತಿದ್ದಳು. ಸುಗ್ಗಿ ಮುಗಿದರೂ ಗುಂಡಿಗೆ ಯಾರೂ ನೀರು ಬಿಡಲಿಲ್ಲ. ಅದರಲ್ಲಿ ಹುಲ್ಲು ಬೆಳೆಯಿತು.

ನಿಧಾನವಾಗಿ ಒಂದೊಂದೇ ತಿರುಗಿತು. ಹೊಳೆಯ ಮೇಲಿನ ಊರುಗಳಿಂದ ಇನ್ನೂ ನಯವಾದ, ಇನ್ನೂ ಅಗ್ಗದ ಸೀರೆ ಬಂತು. ನೇಕಾರನ ಮಗ್ಗ ನಿಂತಿತು. ಬಂದ ತಾಮ್ರ ಬೆಲ್ಲಕ್ಕೆ, ಬಳೆಗೆ ಎಂದು ಆಚೆಗೆ ಹರಿದು ಹೋಯಿತು. ಒಳಗೆ ಬರುವ ತಾಮ್ರ ಇಲ್ಲವಾಯಿತು. ಅಂಥದ್ದರಲ್ಲಿ ಈ ದಡದ ಹೊಲಗಳಿಗೆ ಕಾಡಿಗೆ ರೋಗ ಬಿತ್ತು. ಮಳೆ ಬಂದಿತ್ತು, ಬೆಳೆ ಆಳೆತ್ತರ ನಿಂತಿತ್ತು. ತೆನೆ ಸುಲಿದರೆ ಒಳಗೆ ಕಾಳಿರಲಿಲ್ಲ. ಕರೀ ಪುಡಿ.

ಕಣಜದ ಮುಂದೆ ಸಾಲು ನಿಂತಿತು. ತಾಮ್ರದ ತೂಕ ಕಡಿಮೆಯಾಗಿರಲಿಲ್ಲ. ಕಟ್ಟಳೆಯಂತೆ ಪ್ರತಿ ನಾಣ್ಯಕ್ಕೂ ತುಂಬಿದ ಸೇರನ್ನೇ ಅಳೆಯಬೇಕು. ಕಣಜದಜ್ಜಿ ಹಾಗೇ ಅಳೆದಳು. ತಾಮ್ರ ಇದ್ದವರು ಮೂಟೆ ಹೊತ್ತು ಹೋದರು. ಸಾಲಿನ ಮುಂಭಾಗ ಉಂಡಿತು, ಹಿಂಭಾಗ ತಕ್ಕಡಿಯ ಸದ್ದು ಕೇಳಿತು. ನೇಕಾರನ ಹೆಂಡತಿ ಹಿಂಭಾಗದಲ್ಲಿದ್ದಳು. ಒಂದು ಮಧ್ಯಾಹ್ನ ಅವಳು ಸಾಲಿನಲ್ಲೇ, ಗೋಡೆಗೆ ಒರಗಿ ಕೂತಂತೆಯೇ, ಹೋಗಿಬಿಟ್ಟಳು. ಮುಂದಿನವರು ಸರಿದಾಗ ಅವಳು ಸರಿಯಲಿಲ್ಲ. ಆಗಲೇ ತಿಳಿದದ್ದು.

ಆ ಊರಿನಲ್ಲಿ ಹಸಿವಿಗೆ ಸತ್ತ ಮೊದಲ ಜೀವ ಅದು.

ಅಚ್ಚಿನವ್ವ ಹೊಳೆ ದಾಟಿದಳು. ತಂಗಿ ಅವಳನ್ನು ತನ್ನ ಊರಿನ ಯಜಮಾನನ ಮನೆಗೆ ಕರೆದುಕೊಂಡು ಹೋದಳು. ಆ ಊರಿನ ಕಣಜದ ಬಾಗಿಲಿನಿಂದ ಕಾಳು ಬೀದಿಗೆ ಚೆಲ್ಲಿತ್ತು. ಕೋಳಿಗಳು ಹೆಕ್ಕುತ್ತಿದ್ದವು. ಯಜಮಾನ ವಯಸ್ಸಾದ, ಮೃದು ಮಾತಿನ ಮನುಷ್ಯ. ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿದ.

"ನಾಣ್ಯ ಒಂದು ಮಾಡಿಕೊಂಡೆವು ತಾಯಿ. ಕಣಜ ಒಂದು ಮಾಡಿಕೊಳ್ಳುತ್ತೇವೆ ಅಂತ ಯಾರೂ ಮಾತು ಕೊಟ್ಟಿರಲಿಲ್ಲ. ನಾನೊಬ್ಬನೇ ಬಾಗಿಲು ತೆಗೆದರೆ ನಾಳೆ ಈ ಊರು ನನ್ನನ್ನು ಏನು ಕೇಳುತ್ತದೆ? ನನ್ನ ಮನೆಯದು ಎಷ್ಟು ಬೇಕಾದರೂ ಒಯ್ಯಿರಿ."

ಅವನ ಮನೆಯದು ಒಂದು ದೋಣಿಯಷ್ಟಾಯಿತು. ಈ ದಡದಲ್ಲಿ ಅದು ಹಿಡಿ ಹಿಡಿಯಾಗಿ ಮುಗಿದುಹೋಯಿತು.

"ಅಕ್ಕಾ, ನೀನು ಇಲ್ಲೇ ಇದ್ದುಬಿಡು. ನಮ್ಮನೇಲಿ ಒಂದು ತಟ್ಟೆ ಜಾಸ್ತಿಯಾಗಲ್ಲ. ನಿನಗೆ ಅಲ್ಲಿ ಇನ್ನು ಯಾರಿದಾರೆ?" ಎಂದಿದ್ದಳು ತಂಗಿ.

ಯಾರೂ ಇರಲಿಲ್ಲ. ಅದನ್ನೇ ಯೋಚಿಸುತ್ತ ಅಚ್ಚಿನವ್ವ ಮನೆಗೆ ಬಂದಾಗ ಜಗಲಿಯ ಮೇಲೆ ನೇಕಾರ ಕೂತಿದ್ದ. ಕೈಯಲ್ಲಿ ಹುಣಸೆ ಮರದ ಒಂದು ತುಂಡು. ತನ್ನ ಮಗ್ಗದ ಕಾಲನ್ನು ಕೊಯ್ದು ತಂದದ್ದು.

"ಅವ್ವಾ, ಮೊದಲು ಒಡೆ ಅಂದೋನು ನಾನೇ. ಮೊದಲು ಕೆತ್ತು ಅನ್ನೋನೂ ನಾನೇ ಆಗ್ತೀನಿ. ಹೆಂಡ್ತಿ ಬರಲ್ಲ. ಮಕ್ಕಳಿದಾವೆ" ಎಂದ.

ಅಂಬಿಗ ಬೇಲಿಯ ಹೊರಗೇ ನಿಂತಿದ್ದ. ಕೆತ್ತಬೇಡ ಎಂದು ಕೇಳಲು ಬಂದವನೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಕೇಳದೆ ಹೋದ.

ಅಚ್ಚಿನವ್ವ ಮರದ ತುಂಡನ್ನು ತೆಗೆದುಕೊಂಡಳು. ಉಳಿ ಹಿಡಿದಳು. ಮೆಲ್ಲಗೆ ಕೆತ್ತಿದಳು. ಬೇಕೆಂದೇ ಮೆಲ್ಲಗೆ. ಸಾಲಿನಲ್ಲಿ ಇನ್ನೊಂದು ಮುದಿಜೀವ ಕುಸಿಯಿತೆಂದು ಸುದ್ದಿ ಬಂದಾಗ ಉಳಿ ಬೇಗ ಆಡತೊಡಗಿತು. ಅತ್ತ ಗುಂಡಿಯ ಹುಲ್ಲನ್ನು ಮಕ್ಕಳು ಕಿತ್ತರು. ಕಣಜದಜ್ಜಿ ಹೊಟ್ಟು ಹೊರಿಸಿಕೊಂಡು ಬಂದಳು. ಜೇಡಿ ಹದವಾಯಿತು.

ಅಚ್ಚು ಮುಗಿದ ದಿನ ತಂಗಿ ಬಂದಳು. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ಮೊದಲ ಬಿಲ್ಲೆ ಒತ್ತಿದ ಕ್ಷಣವೇ ಈ ದಡದ ತಾಮ್ರವೆಲ್ಲ ಪುಡಿಯಾಗುತ್ತದೆಂದೂ, ಆಗ ಅವಳು ಈ ಕಡೆ ಇದ್ದರೆ ತನ್ನ ಮಕ್ಕಳ ಬಳಿಗೆ ಮರಳುವ ದಾರಿ ಇಲ್ಲವೆಂದೂ ಇಬ್ಬರಿಗೂ ಗೊತ್ತಿತ್ತು. ತಂಗಿ ಸೆರಗಿನಿಂದ ಬಾಚಣಿಗೆ ತೆಗೆದಳು, ಎಣ್ಣೆ ತೆಗೆದಳು.

"ಕೂತ್ಕೋ. ತಲೆ ಏನಾಗಿದೆ ನೋಡು, ಹಕ್ಕಿ ಗೂಡು ಕಟ್ಟಿದ ಹಾಗೆ."

ಹೊಳೆಯ ಮೆಟ್ಟಿಲ ಮೇಲೆ ಅಚ್ಚಿನವ್ವ ಕೂತಳು. ಒಂದು ಮೆಟ್ಟಿಲು ಮೇಲೆ ತಂಗಿ. ಎಣ್ಣೆ ನೆತ್ತಿಗೆ ತಣ್ಣಗೆ ಇಳಿಯಿತು. ಸಿಕ್ಕು ಬಿಡಿಸುವಾಗ ತಂಗಿ ಬೇಕೆಂದೇ ಒಂದೊಂದೇ ಎಳೆ ಬಿಡಿಸಿದಳು.

"ನೋವಾಯ್ತಾ?"

"ಇಲ್ಲ."

"ನೀನು ಮಾಡ್ತಿರೋದು ಸರೀನಾ ಅಕ್ಕಾ?"

"ಗೊತ್ತಿಲ್ಲ ಕಣೇ. ಒಡೆದಾಗಲೂ ಗೊತ್ತಿರಲಿಲ್ಲ. ಆಗ ನಿನ್ನನ್ನ ನೋಡ್ಬೇಕು ಅನ್ನೋದೊಂದೇ ಗೊತ್ತಿತ್ತು."

"ಕಣಜಾನೂ ಒಂದು ಮಾಡ್ಕೊಂಡಿದ್ರೆ?"

"ಮಾಡ್ಕೊಂಡಿದ್ರೆ" ಎಂದಳು ಅಚ್ಚಿನವ್ವ, ಅಷ್ಟೇ.

ತಂಗಿ ಮೂರು ಕಾಲು ಮಾಡಿ ಜಡೆ ಹೆಣೆಯತೊಡಗಿದಳು. ಕತ್ತಿನವರೆಗೆ ಬಿಗಿಯಾಗಿ, ಭುಜದವರೆಗೆ ನಿಧಾನವಾಗಿ. ಹಿಂದೆ ಗುಂಡಿಯ ಬಳಿ ಊರು ಕಾದು ನಿಂತಿತ್ತು. ಹಸಿದ ಕೂಸೊಂದು ಅತ್ತು ಅತ್ತು ದನಿ ಸೋತು ಸುಮ್ಮನಾಯಿತು. ಆ ಸುಮ್ಮನಾದದ್ದು ಇಬ್ಬರಿಗೂ ಕೇಳಿಸಿತು. ತಂಗಿಯ ಬೆರಳು ಅಲ್ಲೇ ನಿಂತವು.

ಅವಳು ಜಡೆಯನ್ನು ಅಕ್ಕನ ಭುಜದ ಮೇಲಿನಿಂದ ಮುಂದಕ್ಕೆ ತಂದು, ಹೆಣೆದು ನಿಲ್ಲಿಸಿದ ಕಡೆ ಅಕ್ಕನ ಕೈಗೆ ಕೊಟ್ಟಳು. "ಉಳಿದದ್ದು ನೀನೇ ಹೆಣ್ಕೋ" ಎಂದಳು. ಮೆಟ್ಟಿಲು ಇಳಿದಳು. ದೋಣಿ ಹತ್ತಿದಳು. ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಈ ದಡಕ್ಕೆ ಮುಖ ಮಾಡಿ ಕೂತಳು. ಅಂಬಿಗ ಅವಳನ್ನು ಆಚೆ ಮುಟ್ಟಿಸಿ, ಬೇಗಬೇಗ ಹುಟ್ಟು ಹಾಕಿ, ತನ್ನ ಕೊನೆಯ ಪೂರ್ತಿ ಹೊಳೆಯನ್ನು ದಾಟಿ ಬಂದ. ಅವನ ಕಾಲು ಈ ದಡ ಮುಟ್ಟುವವರೆಗೆ ಅಚ್ಚಿನವ್ವ ಕಾದಳು.

ಆಮೇಲೆ ಒತ್ತಿದಳು.

ಜನರ ಮುಷ್ಟಿಗಳಿಂದ, ಗಂಟುಗಳಿಂದ, ದೊಡ್ಡ ಮನೆಗಳ ಪೆಟ್ಟಿಗೆಗಳಿಂದ ಹಸಿರು ಪುಡಿ ಉದುರಿತು. ಗಾಳಿ ಅದನ್ನು ಹೊಳೆಯ ಕಡೆಗೆ ಒಯ್ದಿತು. ಉಳ್ಳವರು ಗೊಣಗಿದರು, ಒಬ್ಬಿಬ್ಬರು ಶಾಪ ಹಾಕಿದರು. ಬಿಲ್ಲೆ ಬಿಸಿಲಿಗೆ ಒಣಗಿತು. ಎಂದೂ ಇಲ್ಲದಷ್ಟು ಹಗುರ, ಒಣ ಎಲೆಯಷ್ಟು. ಮನೆಮನೆಗೂ ಹಂಚಿದರು. ಮುಂಚೆ ಒಯ್ದ ಮೂಟೆಗಳನ್ನು ಕಣಜದಜ್ಜಿ ಕೋಲು ಹಿಡಿದು ನಿಂತು ಹಿಂದಕ್ಕೆ ತರಿಸಿದಳು. ಮತ್ತೆ ಸಾಲು ನಿಂತಿತು. ಸೇರಿನ ತಳ ಮುಚ್ಚುವಷ್ಟು ಕಾಳು. ಆದರೆ ಸಾಲಿನ ಕೊನೆಯಲ್ಲಿದ್ದ ನೇಕಾರನ ಮಕ್ಕಳಿಗೂ ಸೇರಿನ ತಳ ಮುಚ್ಚಿತು.

ಅಚ್ಚಿನವ್ವ ಅವರ ಹಿಂದೆ ನಿಂತಿದ್ದಳು. ನೇಕಾರನ ಹಿರಿಮಗಳು ತಿರುಗಿ ನೋಡಿ ಹೇಳಿದಳು, "ಅವ್ವಾ, ನಿನ್ನ ಜಡೆ ಬಿಚ್ಚಿ ಹೋಗ್ತಿದೆ. ಹೆಣೆದು ಕೊಡ್ಲಾ?"

"ಬೇಡ ಮಗಳೇ."

"ಪೂರ್ತಿ ಬಿಚ್ಚಿ ಹೋಗುತ್ತೆ."

"ಇಲ್ಲ, ಹಿಡ್ಕೊಂಡಿದೀನಿ" ಎಂದಳು ಅಚ್ಚಿನವ್ವ. ತಂಗಿಯ ಬೆರಳು ನಿಂತಿದ್ದ ಕಡೆ ಅವಳ ಕೈಯಿತ್ತು.